ಡ್ಯಾನ್ಸ್ ಫ್ಲೋರಲ್ಲೂ ಪಂಕ್ತಿಭೇದ ಯಾಕೆ ಗುರು? (ಭಾಗ 3)

ಎಲೆಕ್ಟ್ರಾನಿಕ್ ಮ್ಯೂಸಿಕ್ ಕೇಳೋರಲ್ಲೂ ಪಂಕ್ತಿಭೇದ ಇದೆ. ಮೊದಲ ಸಾಲಲ್ಲಿ ‘ಅಂಡರ್‌ಗ್ರೌಂಡ್’ ಟೆಕ್ನೋ ಮಂದಿ. ಆಮೇಲೆ ಹೌಸ್ ಕೇಳೋರು. ಅವರಾಚೆ ಅವಿಚಿ, ಮಾರ್ಟಿನ್ ಗ್ಯಾರಿಕ್ಸ್ ಕೇಳೋ ‘ಕಮರ್ಷಿಯಲ್’ ಪಾಪದವರು. ಎಲ್ಲರಿಗಿಂತ ಕೊನೆಗೆ, ಗಣೇಶನ ಮೆರವಣಿಗೆಯ ಡಿಜೆ ರಿಮಿಕ್ಸಿಗೆ ಕುಣಿಯೋ ನಾವು. ನಮಗಿಟ್ಟ ಹೆಸರು ‘ಲೋಕಲ್’.

ಮೊದಲ ಸಾಲಲ್ಲಿ ಕೂತಿರೋ ಅಣ್ಣಾ, ನಿನ್ನ ಸಂಗೀತದ ವಂಶವೃಕ್ಷ ಸ್ವಲ್ಪ ನೋಡು.

1979ರ ಜುಲೈ 12, ಷಿಕಾಗೊ. ಬೇಸ್‌ಬಾಲ್ ಮೈದಾನದಲ್ಲಿ ಡಿಸ್ಕೋ ರೆಕಾರ್ಡುಗಳನ್ನ ರಾಶಿ ಹಾಕಿ ಸ್ಫೋಟಿಸಿದ್ರು. ಸಾವಿರಾರು ಜನ ನೋಡಿ ಕೇಕೆ ಹಾಕಿದ್ರು. ಅದೇ ಊರಿನ ವೇರ್‌ಹೌಸ್ ಅನ್ನೋ ಕ್ಲಬ್ಬಲ್ಲಿ ಫ್ರಾಂಕಿ ನಕಲ್ಸ್ ಮಾತ್ರ ಡಿಸ್ಕೋ ಬಿಡಲಿಲ್ಲ. ಅಲ್ಲಿ ಕುಣೀತಿದ್ದವರು ಹೆಚ್ಚಾಗಿ ಕಪ್ಪು ಮತ್ತು ಲ್ಯಾಟಿನೋ ಗೇ ಹುಡುಗರು. ಹೌಸ್ ಬೆಳೆದದ್ದು ಅಂಥಾ ಜಾಗದಲ್ಲಿ. ಡೆಟ್ರಾಯಿಟ್‌ನಲ್ಲಿ ಟೆಕ್ನೋ ಕಟ್ಟಿದವರಲ್ಲೊಬ್ಬನಾದ ಡೆರಿಕ್ ಮೇ ಕೂಡ ಷಿಕಾಗೊಗೆ ಹೋಗಿ ಫ್ರಾಂಕಿಯನ್ನ ಕೇಳಿ ಬಂದವನೇ.

ಇನ್ನು ಮಷೀನ್ ವಿಷಯ. ಬೇಸ್ ಗಿಟಾರ್ ಬದಲಿಗೆ ಅಂತ ರೋಲ್ಯಾಂಡ್ ಕಂಪನಿ ಟಿಬಿ-303 ಮಾಡ್ತು. ಓಡಲಿಲ್ಲ, 1984ರಲ್ಲಿ ನಿಲ್ಲಿಸಿದ್ರು. ನಮ್ಮ ಬಿಕಾಂ ಭಾಷೆಲಿ ಡೆಡ್ ಸ್ಟಾಕ್. ಸೆಕೆಂಡ್ ಹ್ಯಾಂಡಲ್ಲಿ ಅಗ್ಗಕ್ಕೆ ಸಿಗ್ತಿದ್ದ ಆ ಡಬ್ಬದ ನಾಬ್ ತಿರುಗಿಸಿ ತಿರುಗಿಸಿ ಫ್ಯೂಚರ್ ಅನ್ನೋ ಷಿಕಾಗೊ ತಂಡ 1987ರಲ್ಲಿ ‘ಆಸಿಡ್ ಟ್ರ್ಯಾಕ್ಸ್’ ಬಿಟ್ಟಿತು. ಆಸಿಡ್ ಹೌಸ್‌ಗೆ ಆ ಹೆಸರು ಬಂದಿದ್ದು ಅಲ್ಲಿಂದ ಅಂತ ಹೇಳ್ತಾರೆ.

ಜನ ಬೈದ ಹಾಡು, ಕಂಪನಿ ಕೈಬಿಟ್ಟ ಮಷೀನು. ನಿನ್ನ ‘ಕ್ಲಾಸ್’ ಹುಟ್ಟಿದ್ದು ಇದರಲ್ಲಿ. ನಮ್ಮೂರ ಹುಡುಗ ಹಳೇ ಲ್ಯಾಪ್‌ಟಾಪಲ್ಲಿ ಜನಪದ ಹಾಡಿಗೆ ಬೀಟ್ ಕೂಡಿಸಿದ್ರೆ ಮಾತ್ರ ಲೋಕಲ್ಲಾ?

‘ಹಾಗಾದ್ರೆ ಎಲ್ಲಾ ಹಾಡೂ ಚೆನ್ನಾಗಿದೆ ಅನ್ನಬೇಕಾ?’ ಬೇಡ. ಡ್ರಾಪ್ ಎಲ್ಲಾ ಒಂದೇ ಥರ ಇದೆ ಅನ್ನು, ಒಪ್ತೀನಿ. ರಾತ್ರಿ ಆಸ್ಪತ್ರೆ ಮುಂದೆ ಸೌಂಡ್ ಜಾಸ್ತಿ ಆಯ್ತು ಅನ್ನು, ನಿನ್ನ ಜೊತೆ ನಾನೂ ನಿಲ್ತೀನಿ. ಆದ್ರೆ ‘ಇಂಥದ್ದು ಕೇಳೋರು ಇಂಥವರು’ ಅಂದಾಗ ನೀನು ಹಾಡಿನ ಬಗ್ಗೆ ಮಾತಾಡ್ತಿಲ್ಲ. ಅವರ ಊರು, ಅವರ ಜೇಬು, ಅವರ ಇಂಗ್ಲಿಷ್ ಬಗ್ಗೆ ಮಾತಾಡ್ತಿದ್ದೀಯ.

ಇದರಿಂದ ಆಗೋದು ಏನು ಗೊತ್ತಾ? ಇಷ್ಟದ ಪ್ಲೇಲಿಸ್ಟ್ ಬಚ್ಚಿಟ್ಟು ಸ್ಟೋರಿಗೆ ಮಾತ್ರ ಟೆಕ್ನೋ ಹಾಕೋರು ನಮ್ಮ ನಡುವೇನೇ ಇದ್ದಾರೆ. ಫೆಸ್ಟಲ್ಲಿ ಕಾಲು ಎತ್ತೋ ಮೊದಲು ಯಾರು ನೋಡ್ತಿದ್ದಾರೆ ಅಂತ ಸುತ್ತ ನೋಡ್ತಾರೆ. ಕುಣಿಯೋಕೂ ಭಯ ಪಡಬೇಕು ಅಂದ್ರೆ ಡ್ಯಾನ್ಸ್ ಮ್ಯೂಸಿಕ್ ಯಾಕೆ ಬೇಕು ಹೇಳು?

ನಿನಗೆ ನಿಜವಾಗ್ಲೂ ಇಷ್ಟ ಇರೋ ಹಾಡು ಯಾವುದು? ನಾಚ್ಕೊಳ್ದೆ ಕಾಮೆಂಟ್ ಹಾಕು. ನಗೋರು ನಗಲಿ, ಅವರ ಸಾಲು ಅವರಿಗೆ.

#ಲೋಕಲ್_ಅಂದ್ರೆ_ನಾವೇ #ಬೀಟ್_ಮಾತು