ವಿರಾಜಪೇಟೆಯ ಮುತ್ತಮ್ಮ ರಾಯಭಾರಿಯಾದ ಬಗೆ

ಕೊಬ್ಬರಿಗೆ ಒಳ್ಳೆಯ ಧಾರಣೆ ಇದ್ದರೆ ಎಂಜಿನಿಯರಿಂಗ್, ಇಲ್ಲದಿದ್ದರೆ ಊರಿನಲ್ಲೇ ಬಿ.ಎ. ಇಲ್ಲವೆ ಬಿ.ಕಾಂ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಎಷ್ಟೋ ತೋಟದ ಮನೆಗಳಲ್ಲಿ ಮಕ್ಕಳ ಓದು ತೀರ್ಮಾನವಾಗುವುದು ಹೀಗೆ. ಬಿ.ಎ. ಸೇರಿದ್ದು ಮಗಳಾದರೆ, 'ಮುಗಿಯಲಿ, ಗಂಡು ನೋಡೋಣ' ಎನ್ನುವವರೂ ಇದ್ದಾರೆ. ಅಂಥ ತಂದೆತಾಯಿಗಳು ಸಿ.ಬಿ. ಮುತ್ತಮ್ಮನವರ ವಿಷಯ ತಿಳಿಯಬೇಕು.

ಮುತ್ತಮ್ಮ ಹುಟ್ಟಿದ್ದು 1924ರಲ್ಲಿ, ಕೊಡಗಿನ ವಿರಾಜಪೇಟೆಯಲ್ಲಿ. ಒಂಬತ್ತನೆಯ ವಯಸ್ಸಿಗೇ ತಂದೆ ತೀರಿಕೊಂಡರು. ಮಕ್ಕಳನ್ನು ಓದಿಸುವ ಹಟವನ್ನು ತಾಯಿ ಬಿಡಲಿಲ್ಲ. ಮಡಿಕೇರಿಯಲ್ಲಿ ಶಾಲೆ, ಮದರಾಸಿನಲ್ಲಿ ಕಾಲೇಜು, ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ. 1949ರಲ್ಲಿ ಭಾರತೀಯ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ ಎನಿಸಿದರು. ಸಂದರ್ಶನ ಮಂಡಳಿಯೇ ಅವರ ಮನಸ್ಸು ತಿರುಗಿಸಲು ನೋಡಿತ್ತು. ಮದುವೆಯಾದರೆ ರಾಜೀನಾಮೆ ಕೊಡುವುದಾಗಿ ಬರೆದುಕೊಡಬೇಕಾಯಿತು. ಗಂಡಸರಿಗೆ ಈ ಷರತ್ತು ಇರಲಿಲ್ಲ!

ಪ್ಯಾರಿಸ್‌ನಲ್ಲಿ ಆರಂಭವಾದ ವೃತ್ತಿ 1970ರಲ್ಲಿ ಅವರನ್ನು ಹಂಗೇರಿಯ ರಾಯಭಾರಿಯಾಗಿಸಿತು. ವಿಜಯಲಕ್ಷ್ಮಿ ಪಂಡಿತ್ ಅವರಿಗಿಂತ ಮೊದಲೇ ರಾಯಭಾರಿಯಾಗಿದ್ದರು ನಿಜ. ಆದರೆ ಅವರು ರಾಜಕಾರಣದಿಂದ ಬಂದವರು. ಪರೀಕ್ಷೆ ಬರೆದು, ಸೇವೆಯಲ್ಲಿ ಬೆಳೆದು ಆ ಹುದ್ದೆಗೇರಿದವರಲ್ಲಿ ಮುತ್ತಮ್ಮನವರೇ ಮೊದಲಿಗರು.

ಮುಂದೆ ಉನ್ನತ ಶ್ರೇಣಿಯ ಬಡ್ತಿ ತಪ್ಪಿದಾಗ ಅವರು ಸುಪ್ರೀಂ ಕೋರ್ಟಿಗೆ ಹೋದರು. ಮಹಿಳಾ ಅಧಿಕಾರಿ ಮದುವೆಗೆ ಮುನ್ನ ಸರ್ಕಾರದ ಲಿಖಿತ ಅನುಮತಿ ಪಡೆಯಬೇಕು, ವಿವಾಹಿತೆಗೆ ನೇಮಕಾತಿಯ ಹಕ್ಕಿಲ್ಲ ಎಂಬ ನಿಯಮಗಳನ್ನೂ ಪ್ರಶ್ನಿಸಿದರು. ವಿಚಾರಣೆ ಮುಗಿಯುವ ಮೊದಲೇ ಸರ್ಕಾರ ಬಡ್ತಿ ಕೊಟ್ಟಿತು. ಹಾಗಾಗಿ 1979ರಲ್ಲಿ ಅರ್ಜಿ ವಜಾ ಆಯಿತು. ಆದರೆ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅಷ್ಟಕ್ಕೆ ಬಿಡಲಿಲ್ಲ. ಹೆಣ್ಣು-ಗಂಡೆಂಬ ತಾರತಮ್ಯವಿರುವ ಸೇವಾ ನಿಯಮಗಳನ್ನು ಪರಿಶೀಲಿಸಿ ಸರಿಪಡಿಸಬೇಕೆಂದು ತೀರ್ಪಿನಲ್ಲಿ ಬರೆದರು. ಮುತ್ತಮ್ಮ 1982ರಲ್ಲಿ ನಿವೃತ್ತರಾದರು, 2009ರಲ್ಲಿ ತೀರಿಕೊಂಡರು.

ಅವರು ತೆರೆದ ದಾರಿಯಲ್ಲಿ ಬಂದವರಲ್ಲಿ ಬೆಂಗಳೂರಿನಲ್ಲಿ ಬಿ.ಎ. ಓದಿದ ನಿರುಪಮಾ ರಾವ್ ಒಬ್ಬರು. ವಿವಾಹಿತೆಯಾಗಿಯೇ ಸೇವೆಯಲ್ಲಿ ಮುಂದುವರಿದು ವಿದೇಶಾಂಗ ಕಾರ್ಯದರ್ಶಿಯಾದರು; 2011ರಿಂದ 2013ರವರೆಗೆ ಅಮೆರಿಕದಲ್ಲಿ ಭಾರತದ ರಾಯಭಾರಿಯಾಗಿದ್ದರು.

ವಿದ್ಯಾರ್ಥಿಗಳೇ, ಈ ಸೇವೆಗೆ ಬಾಗಿಲು ಕೇಂದ್ರ ಲೋಕಸೇವಾ ಆಯೋಗದ ಸಿವಿಲ್ ಸರ್ವಿಸಸ್ ಪರೀಕ್ಷೆ. ಮಾನ್ಯತೆ ಪಡೆದ ಯಾವುದೇ ಪದವಿ ಸಾಕು. 21 ವರ್ಷ ತುಂಬಿರಬೇಕು. ಇಂಗ್ಲಿಷ್ ಭಾಷಾ ಪತ್ರಿಕೆಯಲ್ಲಿ ಪಾಸಾಗಲೇಬೇಕು. ಆದರೆ ಮುಖ್ಯ ಪರೀಕ್ಷೆಯ ಪ್ರಬಂಧ, ಸಾಮಾನ್ಯ ಅಧ್ಯಯನ ಮತ್ತು ಐಚ್ಛಿಕ ಪತ್ರಿಕೆಗಳನ್ನು ಕನ್ನಡದಲ್ಲೇ ಬರೆಯಬಹುದು. ಯಾವ ಸೇವೆ ಸಿಗುತ್ತದೆಂಬುದು ರ್‍ಯಾಂಕ್ ಮತ್ತು ನೀವು ಕೊಟ್ಟ ಆಯ್ಕೆಯ ಮೇಲೆ ನಿಂತಿದೆ.

ಪೋಷಕರೇ, ಮಗಳು ಅರ್ಜಿ ಹಾಕುತ್ತೇನೆಂದರೆ ಹಾಕಲಿ ಬಿಡಿ. ಬೇಡವೆನ್ನುವ ಮೊದಲ ಸಂದರ್ಶನ ಮಂಡಳಿ ನಿಮ್ಮ ಮನೆಯ ಜಗುಲಿಯಲ್ಲೇ ಕೂರುವುದು ಬೇಡ.