ಖಾಲಿಯಾಗಿ ಮರಳಿದ ನೌಕೆ

ಎಂಟು ದಿನಗಳ ಕೆಲಸಕ್ಕೆಂದು ಹೊರಟ ಇಬ್ಬರು 286 ದಿನಗಳ ಬಳಿಕ ಮನೆ ಸೇರಿದ ವೃತ್ತಾಂತವನ್ನು ನೀವೆಲ್ಲ ಓದಿದ್ದೀರಿ. ಸುನೀತಾ ವಿಲಿಯಮ್ಸ್ ಮತ್ತು ಬುಚ್ ವಿಲ್ಮೋರ್ 2024ರ ಜೂನ್ 5ರಂದು ಬೋಯಿಂಗ್ ಕಂಪೆನಿಯ ಸ್ಟಾರ್‌ಲೈನರ್ ನೌಕೆಯಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೊರಟರು. ಮರಳಿದ್ದು 2025ರ ಮಾರ್ಚ್ 18ರಂದು, ಸ್ಪೇಸ್‌ಎಕ್ಸ್‌ನ ಡ್ರಾಗನ್ ನೌಕೆಯಲ್ಲಿ. ಆ ದಿನಗಳಲ್ಲಿ ನಮ್ಮ ಗುತ್ತಿಗಾರಿನ ಪೇಟೆಯಲ್ಲಿಯೂ ಅದೇ ಮಾತು. ಅಡಿಕೆಯ ಧಾರಣೆಯನ್ನು ವಿಚಾರಿಸಿದ ಬಾಯಿಯಲ್ಲಿಯೇ "ಪಾಪ, ಆ ಹೆಂಗಸನ್ನು ಅಲ್ಲಿಯೇ ಬಿಟ್ಟುಬಿಟ್ಟರಂತೆ" ಎಂಬ ಮರುಕವೂ ಹೊರಡುತ್ತಿತ್ತು. ಸುನೀತಾ ಅವರ ತಂದೆ ಗುಜರಾತಿನ ಝೂಲಾಸಣದವರು. ಆದುದರಿಂದ ನಮ್ಮವರ ಮರುಕಕ್ಕೆ ಮನೆಮಗಳ ಮೇಲಿನ ಅಕ್ಕರೆಯೂ ಸೇರಿತ್ತು.

ಮರುಕ ತಪ್ಪಲ್ಲ. ಆದರೆ "ಬಿಟ್ಟುಬಿಟ್ಟರು" ಎಂಬ ಮಾತು ಸರಿಯಲ್ಲವೆಂದು ನನ್ನ ಅಭಿಪ್ರಾಯ. ಅದನ್ನು ವಿವರಿಸುವುದಕ್ಕೆ ಈ ಬರಹ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಇಂದು ಯಂತ್ರಗಳನ್ನು, ಸೇತುವೆಗಳನ್ನು, ಔಷಧಿಗಳನ್ನು ಪರೀಕ್ಷಿಸಿ ಸಹಿ ಹಾಕುವ ಸ್ಥಾನದಲ್ಲಿದ್ದಾರೆ. ಅವರಿಗೆ ಇದು ವಿಶೇಷವಾಗಿ ಸಲ್ಲತಕ್ಕದ್ದು.

ಮೊದಲು ನಡೆದುದೇನೆಂಬುದನ್ನು ನೋಡೋಣ. ಸ್ಟಾರ್‌ಲೈನರ್ ನಿಲ್ದಾಣವನ್ನು ಸಮೀಪಿಸುತ್ತಿದ್ದಾಗ ಅದರ ದಿಕ್ಕನ್ನು ಸರಿಪಡಿಸುವ 28 ಪುಟ್ಟ ಎಂಜಿನುಗಳಲ್ಲಿ 5 ಕೈಕೊಟ್ಟವು. ಹೀಲಿಯಂ ಅನಿಲವೂ ಸೋರುತ್ತಿತ್ತು. ನಾಲ್ಕು ಎಂಜಿನುಗಳು ಮತ್ತೆ ಚೇತರಿಸಿಕೊಂಡುದರಿಂದ ನೌಕೆ ಹೇಗೋ ನಿಲ್ದಾಣವನ್ನು ಕೂಡಿಕೊಂಡಿತು. ಬಳಿಕ ನ್ಯೂ ಮೆಕ್ಸಿಕೋದಲ್ಲಿ ಅಂತಹದೇ ಎಂಜಿನನ್ನು ನೆಲದ ಮೇಲೆ ಉರಿಸಿ ಪರೀಕ್ಷಿಸಿದಾಗ, ಒಳಗಿನ ಟೆಫ್ಲಾನ್ ಸೀಲು ಕಾವಿಗೆ ಉಬ್ಬಿ ಇಂಧನದೊಡನೆ ಸೇರಬೇಕಾದ ದ್ರವದ ಹರಿವಿಗೆ ಅಡ್ಡಿಯಾಗುವುದು ಕಂಡುಬಂತು. ಮರಳಿ ಬರುವಾಗಲೂ ಹೀಗೆಯೇ ಆದೀತೇ? ಆಗಲಿಕ್ಕಿಲ್ಲ ಎಂದರು ತಯಾರಕರು. ಆಗುವುದಿಲ್ಲವೆಂದು ನಿಶ್ಚಯವಾಗಿ ಹೇಳಲು ನಮ್ಮಲ್ಲಿ ಆಧಾರವಿಲ್ಲ ಎಂದಿತು ನಾಸಾ. ಆಗಸ್ಟ್ 24ರಂದು ತೀರ್ಮಾನ ಹೊರಬಿತ್ತು: ನೌಕೆ ಖಾಲಿಯಾಗಿ ಮರಳಲಿ, ಮನುಷ್ಯರು ಅಲ್ಲಿಯೇ ಇರಲಿ.

ಸೆಪ್ಟೆಂಬರ್ ಮೊದಲ ವಾರದಲ್ಲಿ ಆ ಖಾಲಿ ನೌಕೆ ಮರುಭೂಮಿಯಲ್ಲಿ ಸುಸೂತ್ರವಾಗಿ ಇಳಿಯಿತು. ಕೂಡಲೇ ಟೀಕೆ ಮೊದಲಾಯಿತು. "ನೋಡಿ, ಏನೂ ಆಗಲಿಲ್ಲವಲ್ಲ! ಅದರಲ್ಲಿಯೇ ಅವರನ್ನು ಕರೆತರಬಹುದಿತ್ತು." ನನಗೆ ಉತ್ತರಿಸಬೇಕೆನಿಸುವುದು ಈ ಮಾತಿಗೆ.

ನಮ್ಮ ಊರಿನ ಮಳೆಗಾಲವನ್ನು ಬಲ್ಲವರಿಗೆ ಉತ್ತರ ಕಷ್ಟವಲ್ಲ. ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು: ಆಟಿ ತಿಂಗಳಿನಲ್ಲಿ ಹೊಳೆಯಲ್ಲಿ ಕೆಂಪು ನೀರು ಬಂದಾಗ ಅಡಿಕೆ ಮರದ ಸಂಕ ದಾಟಿ ಹೋಗಬೇಕಾದ ಮಕ್ಕಳನ್ನು ಶಾಲೆಯಲ್ಲಿಯೇ ಉಳಿಸಿಕೊಳ್ಳುತ್ತಿದ್ದೆವು. ಕತ್ತಲಾದರೆ ಈಚೆ ದಡದ ಯಾರದಾದರೂ ಮನೆಯಲ್ಲಿ ಊಟ, ಅಲ್ಲಿಯೇ ಚಾಪೆ. ಮರುದಿನ ಕೆಲವು ತಂದೆಯರು ಬಂದು, "ಮಾಷ್ಟ್ರೇ, ರಾತ್ರಿಯಿಡೀ ಇವನ ತಾಯಿ ನಿದ್ರೆ ಮಾಡಲಿಲ್ಲ. ಸಂಕಕ್ಕೆ ಏನೂ ಆಗಲಿಲ್ಲ, ನಾನೀಗ ಅದರ ಮೇಲೆಯೇ ನಡೆದು ಬಂದೆ" ಎಂದು ಆಕ್ಷೇಪಿಸುತ್ತಿದ್ದರು. ಅವರ ಮಾತು ನಿಜವೇ ಆಗಿತ್ತು. ಸಂಕ ನಿಂತಿತ್ತು. ಆದರೆ ಹಿಂದಿನ ಸಂಜೆ ಐದು ಗಂಟೆಗೆ ಅದು ನಿಲ್ಲುತ್ತದೆಯೆಂದು ಬಲ್ಲವರು ಯಾರೂ ಇರಲಿಲ್ಲ. ತೀರ್ಮಾನವೊಂದು ಸರಿಯೇ ತಪ್ಪೇ ಎಂಬುದನ್ನು ಆ ಹೊತ್ತಿನಲ್ಲಿ ತಿಳಿದಿದ್ದ ಸಂಗತಿಗಳಿಂದ ಅಳೆಯಬೇಕೇ ಹೊರತು ಮರುದಿನದ ಬೆಳಕಿನಿಂದಲ್ಲ. ಸಂಕ ಉಳಿಯಿತೆಂಬುದು ಮಗುವನ್ನು ಅದರ ಮೇಲೆ ಕಳುಹಿಸಬೇಕಿತ್ತೆಂಬುದಕ್ಕೆ ಸಾಕ್ಷಿಯಾಗಲಾರದು.

ಇದಕ್ಕೆ ವಿರುದ್ಧವಾದ ಉದಾಹರಣೆಗಳು ನಮ್ಮ ಕಣ್ಣೆದುರಿಗೇ ಇವೆ. 2003ರಲ್ಲಿ ಕೊಲಂಬಿಯಾ ನೌಕೆ ಮೇಲೇರುವಾಗ ಹೊರ ಟ್ಯಾಂಕಿನ ನೊರೆಯ ತುಂಡೊಂದು ಕಳಚಿ ಎಡರೆಕ್ಕೆಗೆ ಬಡಿಯಿತು. ರೆಕ್ಕೆಯ ಚಿತ್ರಗಳನ್ನು ತೆಗೆಸೋಣವೆಂದು ಕೆಲವು ಎಂಜಿನಿಯರುಗಳು ಕೇಳಿದರು. ಮೇಲಿನವರು ಅದನ್ನು ಮುಂದುವರಿಸಲಿಲ್ಲ. ಫೆಬ್ರವರಿ 1ರಂದು ಕಲ್ಪನಾ ಚಾವ್ಲಾ ಸೇರಿದಂತೆ ಏಳು ಮಂದಿ ಮನೆಗೆ ಕೆಲವೇ ನಿಮಿಷಗಳಿದ್ದಾಗ ಇಲ್ಲವಾದರು. ಇನ್ನೊಂದನ್ನು ಹೇಳಲು ದೂರ ಹೋಗಬೇಕಾಗಿಲ್ಲ. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ವಿಮಾನ ಮಂಗಳೂರಿನಲ್ಲಿ ರನ್‌ವೇ ಮೀರಿ ಕಣಿವೆಗೆ ಬಿದ್ದು 158 ಮಂದಿ ಮಡಿದರು. ಇಳಿಯುವುದನ್ನು ಕೈಬಿಟ್ಟು ಮತ್ತೊಂದು ಸುತ್ತು ಬರೋಣವೆಂದು ಸಹಚಾಲಕರು ಮೂರು ಬಾರಿ ಎಚ್ಚರಿಸಿದ್ದರೆಂಬುದು ಬಳಿಕದ ವಿಚಾರಣೆಯಲ್ಲಿ ದಾಖಲಾಯಿತು. ಹತ್ತು ನಿಮಿಷ ತಡವಾಗಿ ಇಳಿದಿದ್ದರೆ ಯಾರೂ ಅದನ್ನು ನೆನಪಿಡುತ್ತಿರಲಿಲ್ಲ. ಆ ನಮ್ಮ ಜಿಲ್ಲೆಯ ಮನೆಗಳಲ್ಲಿ ಇಂದಿಗೂ ಬೇಯುತ್ತಿರುವ ದುಃಖವನ್ನು ಬಲ್ಲವರು "ತಡ" ಎಂಬ ಪದವನ್ನು ಬೈಗುಳದಂತೆ ಬಳಸಲಾರರು.

ಹಾಗೆಂದು, ಬೇಡವೆಂದು ಹೇಳಿ ಕೈತೊಳೆದುಕೊಂಡರೆ ಕರ್ತವ್ಯ ಮುಗಿಯಿತೇ? ಇಲ್ಲ. ಮಗುವನ್ನು ಶಾಲೆಯಲ್ಲಿ ಉಳಿಸಿಕೊಂಡವನು ಅದಕ್ಕೆ ಊಟ, ಹಾಸಿಗೆಗಳನ್ನೂ ಒದಗಿಸಬೇಕು, ಮನೆಗೆ ಸುದ್ದಿಯನ್ನೂ ಮುಟ್ಟಿಸಬೇಕು. ನಾಸಾ ಇದನ್ನು ಮಾಡಿತು. ಸ್ಟಾರ್‌ಲೈನರ್ ಹೊರಟುಹೋದ ಬಳಿಕದ ಮೂರು ವಾರ, ತುರ್ತು ಸಂದರ್ಭ ಬಂದಲ್ಲಿ ಇರಲೆಂದು ಅಲ್ಲಿದ್ದ ಡ್ರಾಗನ್ ನೌಕೆಯ ಸರಕಿನ ಜಾಗದಲ್ಲಿಯೇ ಇಬ್ಬರಿಗೆ ತಾತ್ಕಾಲಿಕ ಆಸನಗಳನ್ನು ಹೊಂದಿಸಲಾಗಿತ್ತು. ಸೆಪ್ಟೆಂಬರ್ 28ರಂದು ಹೊರಟ ಮುಂದಿನ ನೌಕೆಯಲ್ಲಿ ನಾಲ್ವರ ಬದಲು ಇಬ್ಬರನ್ನೇ ಕಳುಹಿಸಿ ಎರಡು ಆಸನಗಳನ್ನು ಖಾಲಿ ಬಿಟ್ಟರು. ಅದಕ್ಕಾಗಿ ಜೀನಾ ಕಾರ್ಡ್‌ಮನ್ ಮತ್ತು ಸ್ಟೆಫನಿ ವಿಲ್ಸನ್ ಎಂಬಿಬ್ಬರು ತಮ್ಮ ಸರದಿಯನ್ನು ಬಿಟ್ಟುಕೊಟ್ಟರು. ಎಷ್ಟೋ ವರ್ಷಗಳ ಅಭ್ಯಾಸದ ಬಳಿಕ ದೊರೆತ ಆಸನವದು. ಅವರ ಹೆಸರನ್ನು ಪೇಟೆಯಲ್ಲಿ ಯಾರೂ ಆಡಲಿಲ್ಲ. ನಾನು ಆಡಬಯಸುತ್ತೇನೆ.

ನಿಜವಾಗಿ "ಬಿಟ್ಟುಹೋದುದು" ಯಾವುದಕ್ಕೆ ಒಪ್ಪೀತೆಂದರೆ ಸೆರ್ಗೆಯ್ ಕ್ರಿಕಲ್ಯೋವ್ ಅವರ ಕಥೆಗೆ. 1991ರ ಮೇ ತಿಂಗಳಲ್ಲಿ ಮಿರ್ ನಿಲ್ದಾಣಕ್ಕೆ ಹೋದ ಈ ಎಂಜಿನಿಯರನ ಬದಲಿಗೆ ಬರಬೇಕಾದವನ ಆಸನ ಬೇರೆಯವರ ಪಾಲಾಯಿತು. ಡಿಸೆಂಬರಿನಲ್ಲಿ ಅವರನ್ನು ಕಳುಹಿಸಿದ ದೇಶವೇ ಇಲ್ಲವಾಯಿತು. 1992ರ ಮಾರ್ಚ್ 25ರಂದು, 311 ದಿನಗಳ ಬಳಿಕ ಇಳಿದಾಗ ಕಾಲಿಟ್ಟ ನೆಲ ಕಝಾಕಿಸ್ತಾನವೆಂಬ ಬೇರೊಂದು ದೇಶ. ಹುಟ್ಟಿದ ಲೆನಿನ್‌ಗ್ರಾಡ್ ಸೇಂಟ್ ಪೀಟರ್ಸ್‌ಬರ್ಗ್ ಆಗಿತ್ತು. ಆದರೂ ನಿಲ್ದಾಣವನ್ನು ಖಾಲಿ ಬಿಟ್ಟು ಇಳಿದು ಬರದೆ ಅವರು ಕೆಲಸ ಮಾಡಿಕೊಂಡೇ ಇದ್ದರು. ಸುನೀತಾ ಕೂಡ ಹಾಗೆಯೇ. ಅತಿಥಿಯಾಗಿ ಹೋದವರು ನಿಲ್ದಾಣದ ಮುಖ್ಯಸ್ಥೆಯಾದರು. 2025ರ ಜನವರಿಯಲ್ಲಿ ಹೊರಗೆ ಇಳಿದು ದುರಸ್ತಿ ಮಾಡಿದರು. ಅವರ ಒಟ್ಟು ಬಾಹ್ಯಾಕಾಶ ನಡಿಗೆ 62 ಗಂಟೆ 6 ನಿಮಿಷಗಳಿಗೆ ಏರಿತು. ಅವರ ಕಾಯುವಿಕೆ ರಾಜಕೀಯದ ಕೂಗಾಟಕ್ಕೆ ವಸ್ತುವಾದಾಗ, ತಮ್ಮನ್ನು ಯಾರೂ ಕೈಬಿಟ್ಟಿಲ್ಲವೆಂದು ಆ ಇಬ್ಬರೇ ಸ್ಪಷ್ಟಪಡಿಸಬೇಕಾಯಿತು.

ಈ ವಿಳಂಬಕ್ಕೆ ಬೆಲೆಯಿಲ್ಲವೆಂದು ನಾನು ಹೇಳಲಾರೆ. ವಿಲ್ಮೋರ್ ಅವರಿಗೆ ತಮ್ಮ ಕಿರಿಯ ಮಗಳ ಪ್ರೌಢಶಾಲೆಯ ಕೊನೆಯ ವರ್ಷದ ಬಹುಭಾಗ ತಪ್ಪಿಹೋಯಿತು. ಕಳೆದ ಆ ವರ್ಷವನ್ನು ಯಾವ ನೌಕೆಯೂ ತಂದುಕೊಡದು. ದೂರದ ನಗರಗಳಲ್ಲಿ, ಗಲ್ಫಿನಲ್ಲಿ, ಅಮೆರಿಕೆಯಲ್ಲಿ ಮಕ್ಕಳಿರುವ ನಮ್ಮೂರಿನ ಹಿರಿಯರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. 2020ರ ಲಾಕ್‌ಡೌನಿನಲ್ಲಿ, ಮೇ 12ರಂದು ದುಬೈಯಿಂದ ಮಂಗಳೂರಿಗೆ ಮೊದಲ ವಿಮಾನ ಬರುವವರೆಗೆ, ಎಷ್ಟು ಮನೆಗಳವರು ಫೋನಿನ ಪಕ್ಕದಲ್ಲಿಯೇ ಕುಳಿತಿದ್ದರು! ಬೆಲೆ ಇದೆ. ಆದರೆ ಅದು ತೆರಬಹುದಾದ ಬೆಲೆ, ಇನ್ನೊಂದು ತೆರಲಾಗದ್ದು.

ನನ್ನ ದೃಷ್ಟಿಯಲ್ಲಿ ಬೇಡವೆನ್ನುವ ಧೈರ್ಯ ಅರ್ಧ ಕೆಲಸ; ಎರಡನೆಯ ದಾರಿಯೊಂದನ್ನು ಮೊದಲೇ ಕಟ್ಟಿಡುವುದು ಉಳಿದರ್ಧ. ನಮ್ಮ ಸುಳ್ಯದ ಗಿರೀಶ್ ಭಾರದ್ವಾಜರು 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ತೂಗುಸೇತುವೆ ಕಟ್ಟಿದರು. ಆಮೇಲೆ ಬೇರೆ ರಾಜ್ಯಗಳವರೆಗೂ ನೂರಕ್ಕೂ ಹೆಚ್ಚು ಸೇತುವೆಗಳನ್ನು ಕಟ್ಟಿ 2017ರಲ್ಲಿ ಪದ್ಮಶ್ರೀಗೆ ಪಾತ್ರರಾದರು. ಅಂತಹ ಸೇತುವೆಯೊಂದು ಬಂದ ಮೇಲೆ ಮಕ್ಕಳನ್ನು ಕಳುಹಿಸಬೇಕೇ ಬೇಡವೇ ಎಂದು ಹೊಳೆಯನ್ನು ನೋಡಿ ಚಿಂತಿಸುವ ಪ್ರಮೇಯವೇ ಆ ಶಾಲೆಗಳಿಗೆ ಇಲ್ಲವಾಯಿತು. ಬಾಹ್ಯಾಕಾಶದಲ್ಲಿಯೂ ಇದೇ ನೀತಿ. 2025ರ ನವೆಂಬರಿನಲ್ಲಿ ಚೀನಾದ ಶೆನ್‌ಝೌ-20 ನೌಕೆಯ ಕಿಟಕಿಯಲ್ಲಿ ಬಿರುಕು ಕಂಡಾಗ ಅದರ ಮೂವರು ಇನ್ನೊಂದು ನೌಕೆಯಲ್ಲಿ ನವೆಂಬರ್ 14ರಂದು ಮರಳಿದರು. ಹಿಂದುಳಿದವರಿಗಾಗಿ ಅದೇ ತಿಂಗಳ 25ರಂದು ಖಾಲಿ ನೌಕೆಯೊಂದು ಮೇಲೇರಿತು. ಒಂದರಲ್ಲಿ ಮಾತ್ರ ಭರವಸೆಯಿಟ್ಟಿದ್ದರೆ?

ನಾಳೆ ನಮ್ಮ ಗಗನಯಾನದ ಸರದಿ. 2018ರಲ್ಲಿ ಘೋಷಣೆಯಾದಾಗ 2022ರೊಳಗೆ ಎಂದಿದ್ದರು. ಅದು ಮುಂದೆ ಹೋಗುತ್ತಲೇ ಬಂದಿದೆ. "ಇನ್ನೂ ಆಗಲಿಲ್ಲವೇ?" ಎಂದು ಹಂಗಿಸುವವರಿದ್ದಾರೆ. ನಾನು ಅವರ ಗುಂಪಿಗೆ ಸೇರಲಾರೆ. 2019ರ ಜುಲೈ 15ರಂದು ಚಂದ್ರಯಾನ-2ರ ಉಡ್ಡಯನವನ್ನು 56 ನಿಮಿಷಗಳಿರುವಾಗ ನಿಲ್ಲಿಸಿದ ಸಂಸ್ಥೆ ನಮ್ಮದು. ಒಂದು ವಾರದ ಬಳಿಕ ಅದು ಸರಿಯಾಗಿಯೇ ಏರಿತು. 2023ರ ಅಕ್ಟೋಬರ್ 21ರಂದು ಗಗನಯಾನದ ಪಾರುಗಾಣಿಕೆ ಪರೀಕ್ಷೆಯನ್ನು 5 ಸೆಕೆಂಡುಗಳಿರುವಾಗ ಕಂಪ್ಯೂಟರು ತಡೆಯಿತು. ಕಾರಣವನ್ನು ಹುಡುಕಿ, ಸರಿಪಡಿಸಿ, ಅದೇ ಬೆಳಿಗ್ಗೆ ಹತ್ತು ಗಂಟೆಗೆ ಹಾರಿಸಿದರು. ಇಂತಹ ನಿಲುಗಡೆಗಳಿಗೆ ಚಪ್ಪಾಳೆ ತಟ್ಟಲು ನಾವು ಕಲಿಯಬೇಕು. ಜನ ನಗುತ್ತಾರೆಂಬ ಭಯ ಎಂಜಿನಿಯರರ ಕೊಠಡಿಯೊಳಗೆ ಹೊಕ್ಕರೆ, ಬೇಡವೆನ್ನುವ ಕಿರಿಯನ ದನಿ ಮೊದಲು ಅಡಗುತ್ತದೆ.

ಆದುದರಿಂದ, ಸಹಿ ಹಾಕುವ ಸ್ಥಾನದಲ್ಲಿರುವ ನನ್ನ ಮಕ್ಕಳೇ, ಖಾತರಿಯಿಲ್ಲದಾಗ "ಖಾತರಿಯಿಲ್ಲ" ಎಂದೇ ಬರೆಯಿರಿ. ನಿಮ್ಮ ಕೈಕೆಳಗಿನ ಕಿರಿಯರು ಹಾಗೆ ಬರೆದು ತಂದಾಗ ಗದರಿಸದೆ ಓದಿರಿ. ಎಲ್ಲವೂ ಸುಸೂತ್ರವಾಗಿ ಮುಗಿದ ಮೇಲೆ "ಅಷ್ಟು ಹೆದರಬೇಕಾಗಿರಲಿಲ್ಲ" ಎಂದು ಯಾರಾದರೂ ನಕ್ಕರೆ ನಗಲಿ. ನಗುವುದಕ್ಕೆ ಎಲ್ಲರೂ ಜೀವಂತವಾಗಿ ಉಳಿದಿರುತ್ತಾರಲ್ಲ, ಅಷ್ಟು ಸಾಕು.