ರೊಟ್ಟಿ ಎಣಿಸಿ ಉಣ್ಣಿ

ಸಕ್ಕರೆ ಕಾಯಿಲೆ ಬಂದವರಿಗೆ ವಿಜಯಪುರದ ಕಡೆ ಮೊದಲು ಸಿಗುವ ಸಲಹೆ ‘ಅನ್ನ ಬಿಡ್ರಿ, ರೊಟ್ಟಿ ಉಣ್ರಿ’ ಎಂಬುದು. ಸಲಹೆ ತಪ್ಪಲ್ಲ, ಆದರೆ ಎಷ್ಟು ರೊಟ್ಟಿ ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಹೀಗಾಗಿ ಅನ್ನ ಬಿಟ್ಟವರು, ಚಹಾಕ್ಕೆ ಸಕ್ಕರೆ ಬಿಟ್ಟವರು ಕೂಡ ‘ಪಥ್ಯ ಮಾಡಿದರೂ ಶುಗರ್ ಇಳಿಯವಲ್ದು’ ಎಂದು ಕೊರಗುತ್ತಾರೆ.

ನಾಲಿಗೆಗೆ ಸಿಹಿ ಎನಿಸದಿದ್ದರೂ ಜೋಳ, ಗೋಧಿ, ಅಕ್ಕಿಗಳಲ್ಲಿರುವ ಪಿಷ್ಟ ಜೀರ್ಣವಾದ ಮೇಲೆ ಗ್ಲೂಕೋಸ್ ಆಗಿಯೇ ರಕ್ತ ಸೇರುತ್ತದೆ. ಎರಡನೇ ಬಗೆಯ ಮಧುಮೇಹದಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದ ಕಾರಣ ಆ ಗ್ಲೂಕೋಸ್ ರಕ್ತದಲ್ಲೇ ಉಳಿಯುತ್ತದೆ. 100 ಗ್ರಾಂ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಪಿಷ್ಟವಿದ್ದರೆ ಜೋಳದಲ್ಲಿ 68 ಗ್ರಾಂ ಇದೆ. ಜೋಳದ ಹೆಚ್ಚುಗಾರಿಕೆ ಅದರ 10 ಗ್ರಾಂ ನಾರಿನಲ್ಲಿದೆ. ನಾರು ಸಕ್ಕರೆ ಏರುವುದನ್ನು ನಿಧಾನ ಮಾಡುತ್ತದೆಯೇ ಹೊರತು ತಡೆಯುವುದಿಲ್ಲ.

ಲೆಕ್ಕಕ್ಕೆ ರೊಟ್ಟಿಯನ್ನೇ ಅಳತೆ ಮಾಡಿಕೊಳ್ಳಿ. 50 ಗ್ರಾಂ ಹಿಟ್ಟಿನ ಒಂದು ರೊಟ್ಟಿಯೆಂದರೆ 34 ಗ್ರಾಂ ಪಿಷ್ಟ. ಒಂದು ಸಣ್ಣ ಬಟ್ಟಲು ಅನ್ನ ಇದಕ್ಕೆ ಸಮ. ಎರಡೆರಡು ಚಮಚ ಸಕ್ಕರೆ ಹಾಕಿದ ನಾಲ್ಕು ಕಪ್ ಚಹಾ ಇನ್ನೊಂದು ರೊಟ್ಟಿಯ ಲೆಕ್ಕ. ತಿಕೋಟಾ, ಬಬಲೇಶ್ವರದ ದ್ರಾಕ್ಷಿ ಬೆಳೆಗಾರರಿಗೆ ಒಂದು ಮಾತು ಗೊತ್ತೇ ಇದೆ: ಸುಮಾರು ನಾಲ್ಕು ಕಿಲೋ ಹಣ್ಣು ಒಣಗಿದರೆ ಒಂದು ಕಿಲೋ ಒಣದ್ರಾಕ್ಷಿ. ಹೋಗುವುದು ನೀರು, ಸಕ್ಕರೆ ಅಲ್ಲೇ ಉಳಿಯುತ್ತದೆ. ಮಾತನಾಡುತ್ತ ಬಾಯಿಗೆ ಹಾಕಿಕೊಂಡ 30 ಗ್ರಾಮಿನ ಒಂದು ಹಿಡಿ ಅರ್ಧ ರೊಟ್ಟಿಗಿಂತ ಹೆಚ್ಚಾಗುತ್ತದೆ.

ದಿನಕ್ಕೆ 130 ಗ್ರಾಮಿಗಿಂತ ಕಡಿಮೆ ಪಿಷ್ಟ ಇದ್ದರೆ ಅದನ್ನು ಸಾಮಾನ್ಯವಾಗಿ ಕಡಿಮೆ ಪಿಷ್ಟದ ಆಹಾರ ಎನ್ನುತ್ತಾರೆ. ಅಂದರೆ ಚಹಾ, ಹಣ್ಣು, ಉಪ್ಪಿಟ್ಟು ಎಲ್ಲ ಸೇರಿ ನಾಲ್ಕು ರೊಟ್ಟಿಯೊಳಗೆ. ರಕ್ತದ ಸಕ್ಕರೆ ಇಳಿಸಲು ಪಿಷ್ಟ ಕಡಿಮೆ ಮಾಡುವ ಕ್ರಮಕ್ಕೆ ಬಲವಾದ ಆಧಾರವಿದೆ ಎಂದು ಅಮೆರಿಕದ ಮಧುಮೇಹ ಸಂಘ 2019ರಲ್ಲಿ ಹೇಳಿತು. ನಮ್ಮ ಐಸಿಎಂಆರ್ ನೆರವಿನ ಅಧ್ಯಯನ 2025ರಲ್ಲಿ ಪ್ರಕಟಿಸಿದಂತೆ ಭಾರತೀಯರ ಆಹಾರದ ಕ್ಯಾಲೊರಿಯಲ್ಲಿ ಶೇ. 62ರಷ್ಟು ಬರುವುದು ಪಿಷ್ಟದಿಂದಲೇ. ಎತ್ತಿನ ಹಿಂದೆ ದಿನವಿಡೀ ನಡೆದವರು ಐದಾರು ರೊಟ್ಟಿ ಅರಗಿಸಿಕೊಂಡರು. ಬೈಕಿನ ಮೇಲೆ ತೋಟಕ್ಕೆ ಹೋಗಿಬರುವವರಿಗೆ ಅಷ್ಟು ಬೇಕಿಲ್ಲ.

ಎಲ್ಲರೂ ಒಮ್ಮೆಲೇ ಅಲ್ಲಿಗೆ ಇಳಿಯಬೇಕಿಲ್ಲ. ಮೊದಲು ಪ್ರತಿ ಊಟದಲ್ಲಿ ಒಂದು ರೊಟ್ಟಿ ಕಡಿಮೆ ಮಾಡಿ. ಹಸಿವು ಉಳಿಯದಂತೆ ಮೆಂತ್ಯೆ, ಪುಂಡಿಪಲ್ಲೆ, ಬದನೆಕಾಯಿ ಪಲ್ಲೆ, ಸವತೆಕಾಯಿಗಳಿಂದ ಅರ್ಧ ತಾಟು ತುಂಬಿಸಿ. ಮೊಳಕೆ ಬಂದ ಹೆಸರುಕಾಳು, ಮೊಸರು, ಸ್ವಲ್ಪ ಶೇಂಗಾ ಚಟ್ನಿ, ತಿನ್ನುವವರಿಗೆ ತತ್ತಿ ಇರಲಿ. ಕಾಳಿನಲ್ಲಿಯೂ ಪಿಷ್ಟವಿದೆ, ಹಿಡಿತವಿರಲಿ. ಊಟ ಶುರು ಮಾಡಿ ಎರಡು ತಾಸಿಗೆ ರಕ್ತ ಪರೀಕ್ಷಿಸಿದರೆ ಯಾವ ಊಟ ಒಗ್ಗಿತೆಂದು ತಿಳಿಯುತ್ತದೆ. ಬಹುತೇಕರಿಗೆ ಅದು 180ರೊಳಗೆ ಇರಬೇಕು.

ಒಂದು ಎಚ್ಚರಿಕೆ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಗುಳಿಗೆ ತೆಗೆದುಕೊಳ್ಳುವವರು ಔಷಧ ಹಾಗೇ ಇಟ್ಟು ರೊಟ್ಟಿ ಮಾತ್ರ ಇಳಿಸಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಬೆವರು, ಕೈನಡುಕ, ಮಂಕು ಕಂಡರೆ ತಕ್ಷಣ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಯಬೇಕು. ಎಂಪಾಗ್ಲಿಫ್ಲೋಜಿನ್, ಡಾಪಾಗ್ಲಿಫ್ಲೋಜಿನ್ ಗುಳಿಗೆಯವರಿಗೆ, ಮೂತ್ರಪಿಂಡದ ತೊಂದರೆ ಇರುವವರಿಗೆ, ಗರ್ಭಿಣಿಯರಿಗೆ ಈ ಪಥ್ಯ ವೈದ್ಯರನ್ನು ಕೇಳದೆ ಬೇಡ. ಔಷಧವನ್ನು ನೀವಾಗಿಯೇ ನಿಲ್ಲಿಸುವುದೂ ಬೇಡ.

ಸಕ್ಕರೆ ವರ್ಷಗಟ್ಟಲೆ ಏರಿಯೇ ಇದ್ದರೆ ಪಾದದ ಸ್ಪರ್ಶಜ್ಞಾನ ಹೋಗುತ್ತದೆ. ತೋಟದಲ್ಲಿ ಬರಿಗಾಲಿಗೆ ಮುಳ್ಳು ಚುಚ್ಚಿದ್ದೂ ತಿಳಿಯದೆ ಗಾಯ ಕೊಳೆತು ಕಾಲು ಕಳೆದುಕೊಳ್ಳುವ ಪ್ರಸಂಗ ಬರಬಹುದು. ಆದ್ದರಿಂದ ರೊಟ್ಟಿ ಎಣಿಸುವ ಜೊತೆಗೆ ರಾತ್ರಿ ಮಲಗುವ ಮುನ್ನ ಅಂಗಾಲನ್ನೊಮ್ಮೆ ಬೆಳಕಿಗೆ ಹಿಡಿದು ನೋಡಿಕೊಳ್ಳಿ.